ಆಟ ಆಡಿಸಿದ್ರೆ ಜಮೀನಿನ ಬಳಕೆ ಅರ್ಥ ಆಗುತ್ತಾ?

ಪ್ರಶ್ನೆ: ನಮಸ್ತೆ ಮೇಡಂ, ಹಳ್ಳಿಗಳಲ್ಲಿ ಯಾವ ಜಾಗನ ಯಾರು ಹೇಗೆ ಬಳಸ್ತಾರೆ ಅಂತ ತಿಳ್ಕೊಳ್ಳೋ ಕೆಲಸದಲ್ಲಿದೀನಿ. ಮೀಟಿಂಗ್ ಕರೆದ್ರೆ ಒಬ್ಬಿಬ್ರು ದೊಡ್ಡೋರೇ ಮಾತಾಡ್ತಾರೆ, ಮಿಕ್ಕೋರು ಹೂಂ ಅಂದು ಎದ್ದು ಹೋಗ್ತಾರೆ. ಆಟ ಆಡಿಸಿ ನೋಡಿ ಅಂತ ಒಬ್ರು ಹೇಳಿದ್ರು. ದುಡಿಯೋ ಜನಕ್ಕೆ ಇದು ಹುಡುಗಾಟ ಅನ್ಸಲ್ವಾ?

ಉತ್ತರ: ಆಟ ಅವರ ಬದುಕಿಗೆ ಹತ್ರ ಇದ್ರೆ ಖಂಡಿತ ಅನ್ಸಲ್ಲ, ಸ್ವಲ್ಪ ಹೊತ್ತಲ್ಲೇ ವಾದ ಶುರುವಾಗುತ್ತೆ, ನಿಮಗೆ ಬೇಕಾಗಿರೋದೂ ಆ ವಾದಾನೇ.

ದೊಡ್ಡ ಹಾಳೆ ಮೇಲೆ ಚೌಕ ಹಾಕಿ ಹೊಲ, ಮೇವಿನ ಜಾಗ, ಕಾಡು, ಕೆರೆ ಅಂತ ಬಣ್ಣ ಬಳಿರಿ, ದನಕ್ಕೆ ಬದಲು ಕಾಳು ಇಡಿ, ಒಂದು ಸುತ್ತು ಅಂದ್ರೆ ಒಂದು ವರ್ಷ, ಪ್ರತಿ ಸುತ್ತಿಗೂ ಮಳೆ ಚೀಟಿ ಎತ್ತಿ ಯಾರು ಏನು ಬೆಳೀತಾರೆ, ದನ ಎಲ್ಲಿಗೆ ಹೊಡೀತಾರೆ ಅಂತ ಅವರೇ ತೀರ್ಮಾನ ಮಾಡ್ಲಿ. ಮಳೆ ಕಮ್ಮಿ ಅಂತ ಚೀಟಿ ಬಂತು ಅನ್ಕೊಳ್ಳಿ, ಎಲ್ಲರ ಕಾಳೂ ಕೆರೆ ಕಡೆ ಹೊರಡುತ್ತೆ, ಅಷ್ಟರಲ್ಲಿ ದನ ಕಾಯೋರೊಬ್ರು "ಇಲ್ಲಿ ಬೆಳೆ ಇಟ್ರೆ ಹೇಗೆ, ಕುಯ್ಲಾದ್ಮೇಲೆ ದನ ಹೋಗೋದೇ ಈ ದಾರೀಲಿ" ಅಂತಾರೆ. ಆ ದಾರಿ ಯಾವ ನಕ್ಷೇಲೂ ಇರಲ್ಲ! ಜಮೀನು ಯಾರದ್ದು ಅನ್ನೋದು ದಾಖಲೇಲಿ ಸಿಗುತ್ತೆ, ಅದನ್ನ ಯಾವ ತಿಂಗಳಲ್ಲಿ ಯಾರು ಬಳಸ್ತಾರೆ ಅನ್ನೋದು ಜನರ ಬಾಯಲ್ಲಿ ಮಾತ್ರ ಇರುತ್ತೆ. ಅದಕ್ಕೇ "ನಮ್ಮಲ್ಲಿ ಹೀಗೆ ನಡೆಯಲ್ಲ" ಅಂತ ಯಾರಾದ್ರೂ ಅಂದ ತಕ್ಷಣ ನಿಯಮ ಬದಲಾಯಿಸೋಕೆ ಪೆನ್ ಅವರ ಕೈಗೇ ಕೊಟ್ಬಿಡಿ.

ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿ ಮುಖಜ ಭೂಮೀಲಿ, ಅಂದ್ರೆ ನದಿ ಸಮುದ್ರ ಸೇರೋ ಕಡೆ, ಮಾಡಿದ್ದೂ ಇದನ್ನೇ, ಆಟದ ನಿಯಮನ ಅಲ್ಲಿನ ಜನರೇ ಕಟ್ಟಿದ್ರು, ಆಮೇಲೆ ಅದನ್ನ ಕಂಪ್ಯೂಟರ್ ಮಾಡೆಲ್‌ಗೆ ಹಾಕಿದ್ರು, ಅಂದ್ರೆ ಅದೇ ಆಟನ ಕಂಪ್ಯೂಟರಲ್ಲಿ ಓಡಿಸಿ ನೋಡೋ ಹಾಗೆ ಮಾಡಿದ್ರು.

ನಂಗೆ ತುಂಬಾ ಇಷ್ಟ ಆಗೋದು ಭೂತಾನಿನ ಲಿಂಗ್ಮುಟೇಚು ಕಣಿವೆ ಕೆಲಸ. ಮೇಲಿನ ಊರು ಲಿಂಬುಖಾ, ಕೆಳಗಿನ ಊರು ಡೊಂಪೊಲಾ, ಭತ್ತದ ನಾಟಿಗೆ ಹೊಳೆ ನೀರು ಹಂಚ್ಕೊಳ್ಳೋದ್ರಲ್ಲಿ ಹಳೇ ತಕರಾರು, ಮೇಲಿನವರಿಗೆ ನೀರು ಮೊದ್ಲು ಸಿಗೋದ್ರಿಂದ ಕೆಳಗಿನವರು ಕಾಯ್ಬೇಕು. 2003ರಲ್ಲಿ ಎರಡೂ ಊರಿನ ರೈತರನ್ನ ಕೂರಿಸಿ ಆಟ ಆಡಿಸಿದ್ರು, ಮೊದ್ಲು ಊರೊಳಗೆ ಮಾತ್ರ ಮಾತು, ಆಮೇಲೆ ಎಲ್ರೂ ಸೇರಿ, ಕೊನೆಗೆ ಊರುಗಳ ಪಾತ್ರಾನೇ ಅದಲು ಬದಲು, ಅಂದ್ರೆ ಮೇಲಿನವರು ಕೆಳಗೆ ಕೂತು ನೀರಿಗೆ ಕಾಯೋದು. ಆ ಕೆಲಸ ಮುಂದುವರೆದು ಜಲಾನಯನಕ್ಕೆ ಒಂದು ಸಮಿತೀನೂ ಆಯ್ತು. ಪಕ್ಕದ ಆಂಧ್ರದಲ್ಲೂ ಅಂತರ್ಜಲದ ಬಗ್ಗೆ ಬೆಳೆ ಆರಿಸೋ ಆಟ ಆಡಿಸಿದಾರೆ, ಆ ಅಧ್ಯಯನ 2018ರಲ್ಲಿ ಪ್ರಕಟ ಆಯ್ತು, ಆಟ ನಡೆದ ಊರುಗಳಲ್ಲಿ ನೀರಿನ ಲೆಕ್ಕ ಬರೆಯೋದು, ನಿಯಮ ಮಾಡ್ಕೊಳ್ಳೋದು ಹೆಚ್ಚು ಕಂಡುಬಂತು.

ಇನ್ನು ದೊಡ್ಡೋರ ವಿಷಯ. ಅವರಿಗೆ ಜಮೀನಿಲ್ಲದೋರ ಪಾತ್ರ ಕೊಡಿ, ಕೂಲಿಯವರು ಭೂಮಾಲೀಕರಾಗ್ಲಿ, ಹೆಂಗಸರು ಗಂಡಸರ ಮುಂದೆ ಬಾಯಿ ಬಿಡದಿದ್ರೆ ಅವರದ್ದೇ ಒಂದು ಆಟ ಬೇರೆ ಇಡಿ, ಸೌದೆ, ನೀರು, ಮೇವಿನ ವಿಷಯ ಅಲ್ಲೇ ಜಾಸ್ತಿ ಬರೋದು. ಆಟ ಮುಗಿದ ಕೂಡ್ಲೇ ಚಾಪೆ ಸುತ್ಬೇಡಿ, ಆಡಿದಷ್ಟೇ ಹೊತ್ತು ಮಾತಿಗೂ ಇಟ್ಕೊಳ್ಳಿ, ಯಾಕೆ ಹಾಗೆ ಮಾಡಿದ್ರಿ ಅಂತ ಕೇಳಿ, ನೀವು ಸುಮ್ನೆ ಕೇಳಿಸ್ಕೊಳ್ಳಿ.

ಒಂದು ಎಚ್ಚರಿಕೆ ಮಾತ್ರ ಮರೀಬೇಡಿ. ಕಾಗದ ಪತ್ರ ಇಲ್ದೆ ಉಳುಮೆ ಮಾಡ್ತಿರೋರು ಆಟದ ಜೋಶ್‌ನಲ್ಲಿ ಆ ಜಾಗ ತೋರಿಸ್ಬಿಡ್ತಾರೆ, ಆ ಹಾಳೆ ಫೋಟೋ ಆಫೀಸಿಗೆ ಹೋದ್ರೆ ಅವರ ಅನ್ನಕ್ಕೇ ಕುತ್ತು. ಹಾಗಾಗಿ ಹೆಸರು ಬರೀಬೇಡಿ, ಫೋಟೋ ತೆಗೆಯೋ ಮುಂಚೆ ಎಲ್ಲರನ್ನೂ ಕೇಳಿ, ಹಾಳೆ ಊರಿನವರ ಹತ್ರಾನೇ ಬಿಟ್ಟು ಬನ್ನಿ.