ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದುವವರಿಗೆ ಸಸ್ಯಜ್ಞಾನ ಎಷ್ಟು ಬೇಕು?

ಬೆಳಗಾವಿಯಲ್ಲಿ ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮುಗಿಸಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್‌ನಲ್ಲಿ, ಅಂದರೆ ನೆಲ, ನೀರು, ಗಿಡಮರಗಳನ್ನು ಕೂಡಿಸಿ ಹೊರಾಂಗಣ ವಿನ್ಯಾಸ ಮಾಡುವ ವಿಷಯದಲ್ಲಿ, ಸ್ನಾತಕೋತ್ತರ ಪದವಿಗೆ ಸೇರಬೇಕೆಂದಿರುವ ನೀವು, ಸಾಫ್ಟ್‌ವೇರ್‌ನಲ್ಲೇ ಮರಗಳ ಚಿತ್ರಗಳು ಸಿದ್ಧವಾಗಿ ಸಿಗುವಾಗ ಸಸ್ಯಗಳನ್ನು ಆಳವಾಗಿ ಕಲಿಯಬೇಕೇ ಎಂದು ಕೇಳಿದ್ದೀರಿ. ಕಲಿಯಲೇಬೇಕು. ಬಾಗಲಕೋಟೆಯಲ್ಲಿ ಇದೇ ಕೆಲಸ ಮಾಡುವ ನಾನು ಇದನ್ನು ಒತ್ತಿ ಹೇಳುತ್ತೇನೆ.

ಮಡಗಾಸ್ಕರ್ ಮೂಲದ ಗುಲ್‌ಮೊಹರ್ ನಕ್ಷೆಯಲ್ಲಿ ವರ್ಷವಿಡೀ ಹಸಿರಾಗಿರುತ್ತದೆ. ನಮ್ಮ ಕಡೆ ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಬಸ್ಸಿಗಾಗಿ ಕಾಯುವವರಿಗೆ ನೆರಳು ಬೇಕೇಬೇಕಾದ ಹೊತ್ತಿನಲ್ಲಿ, ಅದು ಎಲೆಯೆಲ್ಲ ಉದುರಿಸಿ ಒಣಗಿದ ಉದ್ದನೆಯ ಕಾಯಿಗಳನ್ನು ಹೊತ್ತು ನಿಂತಿರುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಬೇವು, ಹೊಂಗೆ ತಳಿರೊಡೆಯುತ್ತವೆ. ದಸರೆಯಲ್ಲಿ ನಾವು ಬಂಗಾರವೆಂದು ಹಂಚಿಕೊಳ್ಳುವ ಬನ್ನಿಯೂ ಮಳೆಗೆ ಕಾಯದೆ ಬೇಸಿಗೆಯಲ್ಲೇ ಚಿಗುರುತ್ತದೆ. ಮರದ ಹೆಸರು, ಎತ್ತರ, ಹೂವಿನ ಬಣ್ಣ ಗೊತ್ತಿದ್ದ ಮಾತ್ರಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ಬೆಂಗಳೂರಿನ ರಸ್ತೆಗಳಲ್ಲಿ ಒಂದರ ನಂತರ ಒಂದು ಜಾತಿಯ ಮರ ಹೂ ಬಿಡುವಂತೆ ಯೋಜಿಸಿದ್ದು ಇಂಥ ತಿಳಿವಳಿಕೆಯಿಂದಲೇ.

ಮಣ್ಣಿನ ಮಾತೂ ಇದರೊಳಗೇ ಬರುತ್ತದೆ. ಮಳೆಗಾಲದಲ್ಲಿ ನೀರು ಹೀರಿ ಉಬ್ಬುವ ಎರೆಮಣ್ಣು (ಕಪ್ಪು ಜಿಗುಟು ಮಣ್ಣು) ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಆಗ ಎಳೆಯ ಸಸಿಯ ಸಣ್ಣ ಬೇರುಗಳು ಹರಿದುಹೋಗುತ್ತವೆ. ಗೋಡೆಗೆ ತೀರ ಹತ್ತಿರ ಬೆಳೆದ ದೊಡ್ಡ ಮರ ಅಡಿಪಾಯದ ಕೆಳಗಿನ ತೇವ ಎಳೆದುಕೊಂಡರೆ ಮಣ್ಣು ಕುಗ್ಗಿ ಗೋಡೆ ಸೀಳುವುದೂ ಉಂಟು. ನಿಮ್ಮದೇ ಜಿಲ್ಲೆಯ ಖಾನಾಪುರದ ದಟ್ಟ ಕಾಡಿನ ಮರವನ್ನು ಅಥಣಿಯ ಎರೆಹೊಲದಲ್ಲಿ ನೆಟ್ಟರೆ ಅದು ಬದುಕುವುದು ಕಷ್ಟ.

ಸಂಶೋಧನೆಗಂತೂ ಇಲ್ಲಿ ಕೆಲಸ ರಾಶಿ ಬಿದ್ದಿದೆ. ನರ್ಸರಿಯಲ್ಲಿ ಸಿಗುವ ಗಿಡಗಳನ್ನೇ ವಿನ್ಯಾಸಕಾರರು ನಕ್ಷೆಯಲ್ಲಿ ಬರೆಯುತ್ತಾರೆ, ಅವರು ಬರೆದದ್ದನ್ನೇ ನರ್ಸರಿಯವರು ಬೆಳೆಸುತ್ತಾರೆ. ಹೀಗಾಗಿ ಸ್ಥಳೀಯ ಜಾತಿಗಳು ಎರಡೂ ಕಡೆಯಿಂದ ಮರೆಯಾಗುತ್ತವೆ. ಕಾಲುವೆ ನೀರಾವರಿಯಿಂದ ಸವಳು-ಜವಳಾದ (ಉಪ್ಪುಗಟ್ಟಿ, ನೀರು ನಿಂತು ಕೆಟ್ಟ) ನೆಲದಲ್ಲಿ ಯಾವ ಸ್ಥಳೀಯ ಪೊದೆಗಳು ನಿಲ್ಲುತ್ತವೆ, ನೆಟ್ಟ ಸಸಿಗೆ ಎಷ್ಟು ಬೇಸಿಗೆ ನೀರುಣಿಸಬೇಕು ಎಂಬುದನ್ನು ವರ್ಷಗಟ್ಟಲೆ ಸ್ಥಳದಲ್ಲೇ ನಿಂತು ದಾಖಲಿಸಬೇಕು.

ಸೇರುವ ಮುನ್ನ ಅರಭಾವಿಯ ತೋಟಗಾರಿಕೆ ಕಾಲೇಜನ್ನೋ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವನ್ನೋ ನೋಡಿ ಬನ್ನಿ. ನೀವು ಆರಿಸುವ ಕಾಲೇಜಿನಲ್ಲಿ ಸಸ್ಯಗಳ ಪಾಠ ಒಂದೇ ಸೆಮಿಸ್ಟರಿಗೆ ಮುಗಿಯುತ್ತದೆಯೋ, ಮೂರೂ ಕಾಲಗಳಲ್ಲಿ ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ಯುತ್ತಾರೆಯೋ ಎಂಬುದನ್ನು ಅಲ್ಲಿನ ಹಿರಿಯ ವಿದ್ಯಾರ್ಥಿಗಳಿಂದ ಕೇಳಿ ತಿಳಿದುಕೊಳ್ಳಿ.