ಗ್ಲೆನ್‌ಫಾರ್ಕ್ಲಸ್ ವಿಸ್ಕಿಗೆ ಆ ಗಾಢ ಬಣ್ಣ, ಒಣದ್ರಾಕ್ಷಿ ರುಚಿ ಎಲ್ಲಿಂದ ಬರುತ್ತದೆ?

ಹೆಚ್ಚಾಗಿ ಪೀಪಾಯಿಯಿಂದಲೇ. ಭಟ್ಟಿಯಿಂದ ಇಳಿದಾಗ ಅದು ನೀರಿನಷ್ಟೇ ತಿಳಿ. ಆಮೇಲೆ ಸ್ಪೇನ್‌ನ ಒಲೊರೊಸೊ ಶೆರಿ ವೈನ್ ತುಂಬಿಟ್ಟಿದ್ದ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಮರ ಹೀರಿಕೊಂಡ ವೈನು, ಮರದ ಸ್ವಂತ ಒಗರು ಎರಡೂ ನಿಧಾನಕ್ಕೆ ಅದರೊಳಗೆ ಇಳಿಯುತ್ತವೆ. ಮೂಗಿನ ಹತ್ತಿರ ಹಿಡಿದರೆ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಚೂರು ಲವಂಗ.

ಡಿಸ್ಟಿಲರಿ ಇರುವುದು ಸ್ಕಾಟ್ಲೆಂಡಿನ ಸ್ಪೇಸೈಡ್‌ನಲ್ಲಿ, ಬೆನ್ ರಿನ್ನಿಸ್ ಬೆಟ್ಟದ ಬುಡದಲ್ಲಿ. ಲೈಸೆನ್ಸ್ ಸಿಕ್ಕಿದ್ದು 1836ರಲ್ಲಿ. 1865ರಲ್ಲಿ ಜಾನ್ ಗ್ರಾಂಟ್ ಕೊಂಡರು, ಇವತ್ತಿಗೂ ಅದೇ ಮನೆತನದ ಕೈಯಲ್ಲಿದೆ. ಸುತ್ತಲಿನ ಎಷ್ಟೋ ಡಿಸ್ಟಿಲರಿಗಳು ದೊಡ್ಡ ಕಂಪನಿಗಳ ಪಾಲಾಗಿರುವಾಗ ಇದು ಸಣ್ಣ ಮಾತಲ್ಲ ಅಲ್ವಾ? ಭಟ್ಟಿಗೆ ಈಗಲೂ ನೇರ ಬೆಂಕಿಯೇ. 1981ರಲ್ಲಿ ಹಬೆ ಕೊಟ್ಟು ನೋಡಿ, ರುಚಿ ಬದಲಾಯಿತೆಂದು ಕೈಬಿಟ್ಟರು.

ಅವರ ‘105’ ಎಂಬ ವಿಸ್ಕಿ ಸಿಕ್ಕರೆ ನೀರು ಬೆರೆಸಿಯೇ ಕುಡಿಯಿರಿ. ಅದರಲ್ಲಿ ಆಲ್ಕೋಹಾಲ್ ಶೇ. 60.