ಸೆಮಿ ಆಟೋಮ್ಯಾಟಿಕ್ ರೈಫಲ್ಲನ್ನು ಮನೆಯಲ್ಲೇ ಬಿಚ್ಚಿ ಶುಚಿ ಮಾಡುವುದು ಹೇಗೆ?

ಅಮೆರಿಕದಲ್ಲಿ ಎಲ್ಲೆಲ್ಲೂ ಕಾಣುವ ರೂಗರ್ 10/22 ಅನ್ನೇ ತಗೊಳ್ಳೋಣ, 1964ರಿಂದ ಮಾರಾಟದಲ್ಲಿರುವ .22 (ನಳಿಗೆಯ ರಂಧ್ರ ಸುಮಾರು 0.22 ಇಂಚು) ರೈಫಲ್ ಇದು.

ಮೊದಲು ಮ್ಯಾಗಜೀನ್ (ಗುಂಡಿನ ಪೆಟ್ಟಿಗೆ) ತೆಗೆದು, ಬೋಲ್ಟ್ (ಹಿಂದೆ ಮುಂದೆ ಜಾರುವ ಲೋಹದ ತುಂಡು) ಹಿಂದಕ್ಕೆಳೆದು ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿದೆಯೇ ನೋಡಿ. ಕಣ್ಣನ್ನಷ್ಟೇ ನಂಬಬೇಡಿ, ಬೆರಳಿಟ್ಟೂ ನೋಡಿ. ನೀವು ಕೆಲಸ ಮಾಡುವ ಕೋಣೆಯಲ್ಲಿ ಒಂದು ಗುಂಡೂ ಇರಬಾರದು.

ನಳಿಗೆಯ ಪಟ್ಟಿ ಸಡಿಲಿಸಿ, ಮ್ಯಾಗಜೀನ್ ಕುಳಿಯ ಮುಂದಿರುವ ಸ್ಕ್ರೂ ಬಿಚ್ಚಿ, ಸೇಫ್ಟಿ ಗುಂಡಿಯನ್ನು ನಟ್ಟನಡುವೆ ನಿಲ್ಲಿಸಿದರೆ ಲೋಹದ ಭಾಗ ಮರದ ಹಿಡಿಯಿಂದ ಎದ್ದು ಬರುತ್ತದೆ. ಎರಡು ಪಿನ್ ತಳ್ಳಿದರೆ ಟ್ರಿಗರ್ ಭಾಗ ಕಳಚುತ್ತದೆ. ಬೋಲ್ಟನ್ನು ತಡೆಯುವ ಹಿಂಬದಿಯ ಇನ್ನೊಂದು ದಪ್ಪ ಪಿನ್ ತಾನಾಗೇ ಜಾರಿ ಮಂಚದಡಿ ಸೇರುವ ಜಾತಿಯದು, ಕೆಳಗೆ ಹಳೇ ಪಂಚೆ ಹಾಸಿಕೊಳ್ಳಿ. ಆಮೇಲೆ ಬೋಲ್ಟನ್ನು ಹಿಂದಕ್ಕೆಳೆದು ಎತ್ತಿ.

ಕೊಳೆ ಹೆಚ್ಚಾಗಿ ಇರುವುದು ಬೋಲ್ಟಿನ ಮುಖದಲ್ಲಿ: ಮಸಿ, ಮೇಣ, ಸೀಸ ಸೇರಿದ ಜಿಡ್ಡು. ಸಾಲ್ವೆಂಟ್ (ಜಿಡ್ಡು ಕರಗಿಸುವ ದ್ರವ) ಹಚ್ಚಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಒರೆಸಿ, ಒಂದೆರಡು ಹನಿ ಎಣ್ಣೆ ಬಿಡಿ. ಹೆಚ್ಚು ಸುರಿದರೆ ಧೂಳು ಅಂಟುತ್ತದೆ. ನಳಿಗೆಗೆ ಕಂಬಿಗಿಂತ ಹಗ್ಗದ ಬ್ರಶ್ ವಾಸಿ. ಚೇಂಬರಿನಿಂದ ಬಾಯಿಯ ಕಡೆಗೆ ಎಳೆಯಿರಿ. ಕಿಟಕಿ ತೆರೆದಿಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಮರುಜೋಡಿಸುವಾಗ ಟ್ರಿಗರ್ ಭಾಗದಲ್ಲಿರುವ ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ತುಂಡು) ಹಿಂದಕ್ಕೆ ಬಾಗಿರಲಿ, ಇಲ್ಲದಿದ್ದರೆ ಟ್ರಿಗರ್ ಭಾಗ ಒಳಗೆ ಕೂರುವುದೇ ಇಲ್ಲ.